ಅಡಿಗೆ ಅರ್ಧ ಇಂಚು

ನನಗೆ ಕಾರು ಓಡಿಸಲು ಬರುವುದಿಲ್ಲ. ಒಮ್ಮೆ ಕಲಿಯಲು ಹೋಗಿದ್ದೆ. ಮೂರನೆಯ ದಿನ ಶಿರಾ ಗೇಟಿನ ಬಳಿ, ಎಳನೀರಿನ ಗಾಡಿಗೆ ಒಂದೇ ಮೊಳ ಇದೆ ಎನ್ನುವಾಗ ಕಾರು ಹೇಗೋ ನಿಂತಿತು. ಕಲಿಸುವ ಹುಡುಗ ಕೆಳಗಿಳಿದು, ಒಂದಾದ ಮೇಲೊಂದರಂತೆ ಎರಡು ಎಳನೀರು ಕುಡಿದು, "ಸಾರ್, ನಿಮ್ಮ ಕೈಗೆ ಸ್ಕೂಟರೇ ಒಪ್ಪುತ್ತದೆ" ಎಂದ. ನಾನೂ ಒಪ್ಪಿಕೊಂಡೆ. ಅಂಥವನ ಮನೆಯ ಷೋಕೇಸಿನಲ್ಲಿ ಈಗ 1954ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್ ನಿಂತಿದೆ. ಬೆಳ್ಳಿ ಬಣ್ಣ, ಕೆಂಪು ಸೀಟು, ಹಕ್ಕಿ ರೆಕ್ಕೆ ಎತ್ತಿದಂತೆ ಮೇಲಕ್ಕೆ ತೆರೆಯುವ ಬಾಗಿಲು. ಉದ್ದ ಒಂದು ಗೇಣಿಗೂ ಕಡಿಮೆ.

ಇದಕ್ಕೆಲ್ಲ ಕಾರಣ ಮಗಳು. ಮಧ್ಯಾಹ್ನದ ಹೊತ್ತು ಅಪ್ಪ ಏನು ಮಾಡುತ್ತಾರೆ ಎಂಬುದು ಬೆಂಗಳೂರಿನಲ್ಲಿ ಕುಳಿತ ಅವಳ ಚಿಂತೆ. ನಾನು ಮಾಡುತ್ತಿದ್ದುದು ಇಷ್ಟೇ: ಚೆನ್ನಾಗಿ ನಡೆಯುತ್ತಿದ್ದ ಗಡಿಯಾರಗಳನ್ನು ಬಿಚ್ಚುವುದು, ಮತ್ತೆ ಕೂಡಿಸುವುದು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಬೆನ್ನು ಬಗ್ಗಿಸಿದವನು ನಾನು. 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು, ಆಮೇಲೆ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ನನ್ನ ಪಾಲಿಗೆ ಉಳಿದದ್ದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಅಂದರೆ ಒಂದು ಐಗ್ಲಾಸ್, ಎರಡು ಚಿಮಟ, ಮತ್ತು ಸಣ್ಣ ವಸ್ತು ಏನೇ ಕಂಡರೂ ಉಸಿರು ಬಿಗಿಹಿಡಿಯುವ ಅಭ್ಯಾಸ.

ಮಗಳು ಕಳಿಸಿದ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕಾರು ಫಳಫಳ ಹೊಳೆಯುತ್ತಿತ್ತು. ಒಳಗೆ ಕಾರಿರಲಿಲ್ಲ. ಬಳ್ಳಿಗೆ ಹುರುಳಿಕಾಯಿ ಜೋತಂತೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಬಿಡಿಭಾಗಗಳು ಅಂಟಿಕೊಂಡಿದ್ದವು. ಹೆಂಡತಿ ಒಮ್ಮೆ ಇಣುಕಿ ನೋಡಿ, "ಇಷ್ಟು ದುಡ್ಡು ಕೊಟ್ಟರೆ ಪೂರ್ತಿ ಮುರಿದದ್ದನ್ನು ಕಳಿಸಿದ್ದಾರಲ್ಲ ರೀ, ವಾಪಸು ಮಾಡಿ" ಎಂದಳು.

ಕಿಟ್ಟು ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯದು. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾದರಿಗಳನ್ನು ಮಾಡಿ, ಆಮೇಲೆ ಪ್ಲಾಸ್ಟಿಕ್ಕಿಗೆ ಬಂದವರು. ಜೊತೆಗಿದ್ದ ಪುಸ್ತಿಕೆಯನ್ನು ಬಿಡಿಸಿದಾಗ ನನಗೆ ತವರುಮನೆಯ ಕಾಗದ ಬಂದಂತಾಯಿತು. ಪ್ರತಿ ಭಾಗವೂ ಗಾಳಿಯಲ್ಲಿ ತೇಲಿ ನಿಂತು, ಎಲ್ಲಿಗೆ ಸೇರಬೇಕೆಂದು ಬಾಣದ ಗುರುತಿನಿಂದ ತೋರಿಸುವ ಚಿತ್ರಗಳು. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ತೊಡಗಿದ್ದೂ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದಲೇ. ಇಂಥ ಚಿತ್ರ ಓದುವುದಕ್ಕೆ ನನಗೆ ಯಾವ ಭಾಷೆಯೂ ಬೇಕಿಲ್ಲ.

ಪೆಟ್ಟಿಗೆಯ ಮೂಲೆಯಲ್ಲಿ 1/24 ಎಂದಿತ್ತು. ಅಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು, ಅಡಿಗೆ ಅರ್ಧ ಇಂಚು. ಇದನ್ನು ಸಂಭ್ರಮದಿಂದ ಕೂಗಿ ಹೇಳಿದೆ. ಒಳಗಿನಿಂದ ಉತ್ತರ ಬಂತು: "ಯಾವ ಅಡಿಗೆಗೆ? ಶುಂಠಿಯೇ?"

ಆ ದಿನದಿಂದ ನನಗೆ ಭಾಗಾಕಾರದ ಹುಚ್ಚು ಹಿಡಿಯಿತು. ಐದೂವರೆ ಅಡಿಯ ನಾನು ಎರಡೂಮುಕ್ಕಾಲು ಇಂಚು. ಐದಡಿಯ ಹೆಂಡತಿ ಎರಡೂವರೆ ಇಂಚು. ಕ್ಯಾತ್ಸಂದ್ರದ ಆರಿಂಚಿನ ತಟ್ಟೆ ಇಡ್ಲಿ ಅಂಗಿಯ ಕತ್ತಿನ ಗುಂಡಿಗಿಂತಲೂ ಚಿಕ್ಕದು. ಗಾತ್ರದ ಲೆಕ್ಕಕ್ಕೆ ಹೋದರೆ ಇನ್ನೂ ಸೋಜಿಗ. ಅಲ್ಲಿ ಇಪ್ಪತ್ತನಾಲ್ಕನ್ನು ಮೂರು ಸಲ ಗುಣಿಸಬೇಕು, 13,824 ಆಗುತ್ತದೆ. ಆ ಕಾರಿನ ಮೂರು ಲೀಟರಿನ ಎಂಜಿನ್ನನ್ನು ಅದರಿಂದ ಭಾಗಿಸಿದರೆ ಸುಮಾರು ನಾಲ್ಕು ಹನಿ. ದೇವಸ್ಥಾನದಲ್ಲಿ ಉದ್ಧರಣೆಯಿಂದ ಅಂಗೈಗೆ ಬೀಳುವ ತೀರ್ಥ ಅದಕ್ಕಿಂತ ಹೆಚ್ಚು. ಊಟಕ್ಕೆ ಕೂತಾಗ, ನಡೆಯಲು ಹೋದಾಗ, ಅಮಾನಿಕೆರೆಯ ಏರಿಯ ಮೇಲೆ ಸಿಕ್ಕ ಹಳೆಯ ಸಹೋದ್ಯೋಗಿಗಳ ಮುಂದೆ, ನಾನು ಇದನ್ನೇ ಹೇಳುತ್ತಿದ್ದೆ. ಅವರು ದಾರಿ ಬದಲಿಸಿದರು. ಹೆಂಡತಿಗೆ ಆ ಸೌಕರ್ಯ ಇರಲಿಲ್ಲ.

ಆದರೆ ಎಲ್ಲವೂ ಇಪ್ಪತ್ತನಾಲ್ಕು ಪಾಲು ಕುಗ್ಗುವುದಿಲ್ಲವೆಂದು ಕೆಲಸಕ್ಕೆ ಕೂತ ಮೇಲೆ ತಿಳಿಯಿತು. ನನ್ನ ಬೆರಳು ಕುಗ್ಗಲಿಲ್ಲ. ಸೀನು ಕುಗ್ಗಲಿಲ್ಲ. ನಮ್ಮ ಬೀದಿಯ ಧೂಳಂತೂ ಕುಗ್ಗುವ ಜಾತಿಯದೇ ಅಲ್ಲ. ಬಾನೆಟ್ಟಿನ ಮೇಲೆ ಬಿದ್ದ ಒಂದು ತಲೆಗೂದಲು, ಆ ಕಾರಿನ ಕಣ್ಣಲ್ಲಿ ನೋಡಿದರೆ, ಹೆಚ್ಚುಕಡಿಮೆ ಮೂಟೆ ಹೊಲಿಯುವ ಸೆಣಬಿನ ದಾರ. ಬಣ್ಣವೂ ಹಾಗೆಯೇ. ನಾಲ್ಕಾರು ಕೈ ಹೊಡೆದರೆ ನಮಗೆ ಅದು ಕಾಗದದಷ್ಟು ತೆಳ್ಳಗೆ, ಕಾರಿಗೆ ಗೋಡೆಗೆ ಮೆತ್ತಿದ ಗಿಲಾವು.

ಮೊದಲು ಕಾರಿನ ಮೈಯನ್ನು ಹೊರುವ ಕೊಳವೆಗಳ ಚೌಕಟ್ಟನ್ನು ಕೂಡಿಸಬೇಕು. ಇದಕ್ಕೆ ಬಳಸುವುದು ಮಾಮೂಲಿ ಗೋಂದಲ್ಲ. ನೀರಿನಂಥ ದ್ರಾವಣ, ಎರಡು ತುಂಡುಗಳ ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ತಾನಾಗಿಯೇ ಒಳಗೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ತಪ್ಪಿ ಬೆರಳಿನ ಮೇಲೆ ಹರಿದರೆ ಬೆರಳಚ್ಚು ಕಾರಿನ ಮೇಲೆ ಶಾಶ್ವತ. ನನ್ನ ಎಡ ಹೆಬ್ಬೆರಳಿನ ಗುರುತು ಕಾರಿನ ಅಡಿಭಾಗದಲ್ಲಿದೆ, ಆಸ್ತಿ ಪತ್ರಕ್ಕೆ ಒತ್ತಿದಷ್ಟೇ ಸ್ಪಷ್ಟವಾಗಿ.

ಈ ಕೊಳವೆಗಳ ಚೌಕಟ್ಟನ್ನು ಕೂಡಿಸುವಾಗಲೇ ಆ ರೆಕ್ಕೆಬಾಗಿಲಿನ ಗುಟ್ಟು ಹೊಳೆದದ್ದು. ನಾನು ಅಲ್ಲಿಯವರೆಗೆ ಅದು ಶೋಕಿ ಎಂದುಕೊಂಡಿದ್ದೆ. ರುಡಾಲ್ಫ್ ಊಲೆನ್‌ಹೌಟ್ ಎಂಬ ಎಂಜಿನಿಯರ್ ತೂಕ ಇಳಿಸಲು ಸಣ್ಣ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಪಂಜರ ಅದು. ಗಟ್ಟಿಯಾಗಿರಲೆಂದು ಪಂಜರದ ಪಕ್ಕೆಗಳು ಎತ್ತರಕ್ಕೆ ಬಂದವು, ಎಲ್ಲರ ಕಾರಿನಂತೆ ಬಾಗಿಲು ಇಡಲು ಜಾಗವೇ ಉಳಿಯಲಿಲ್ಲ. ಸರಿ, ಛಾವಣಿಗೆ ಕೀಲು ಹಾಕಿ ಬಾಗಿಲನ್ನು ಮೇಲಕ್ಕೆತ್ತಿದರು. ಎಂಜಿನ್ನು ನೆಟ್ಟಗೆ ನಿಂತರೆ ಬಾನೆಟ್ಟು ಎತ್ತರವಾಗುತ್ತದೆಂದು ಅದನ್ನು ಸುಮಾರು 50 ಡಿಗ್ರಿ ಒರಗಿಸಿದರು, ಬೆಳಗಿನ ಬಸ್ಸಿನಲ್ಲಿ ನಿದ್ದೆ ಹೋದ ಪ್ರಯಾಣಿಕ ಪಕ್ಕದವರ ಹೆಗಲಿಗೆ ಒರಗಿದಂತೆ. ಚಾಲಕನ ತೊಡೆ ತೂರಲೆಂದು ಸ್ಟೀರಿಂಗ್ ಚಕ್ರವನ್ನೂ ಮಡಚುವಂತೆ ಮಾಡಿದರು. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜನ ಇದನ್ನು ನೋಡಿ ಬೆರಗಾದರಂತೆ. 1957ರವರೆಗೆ ಮಾಡಿದ್ದು 1,400 ಮಾತ್ರ.

ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. ಅವಳು ತರಕಾರಿ ಹೆಚ್ಚುತ್ತಾ ಪೂರ್ತಿ ಕೇಳಿ, "ಸೀರೆ ಉಟ್ಟವರು ಹತ್ತುವುದು ಹೇಗೆ?" ಎಂದಳು. ಊಲೆನ್‌ಹೌಟ್ ಇದನ್ನು ಯೋಚಿಸಿದಂತೆ ಕಾಣಲಿಲ್ಲ.

ಬಣ್ಣದ ವಿಷಯದಲ್ಲಿ ನನಗೆ ಅನುಭವ ಸೊನ್ನೆ. ಗಡಿಯಾರಕ್ಕೆ ನಾವು ಬಣ್ಣ ಹೊಡೆಯುತ್ತಿರಲಿಲ್ಲ. ಆದ್ದರಿಂದ ಕಾರಿನ ಮೈಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿರಾ ರಸ್ತೆಯ ಟಿಂಕರಿಂಗ್ ಶೆಡ್ಡೊಂದಕ್ಕೆ ಹೋದೆ. ಅಲ್ಲಿನ ಮೇಸ್ತ್ರಿ ಒಂದು ಟೆಂಪೋಗೆ ಪುಟ್ಟಿ ಮೆತ್ತುತ್ತಿದ್ದ. ನನ್ನ ಗಂಟು ಬಿಚ್ಚಿದಾಗ ಅವನು ನಗಲಿಲ್ಲ. ಕೈ ಒರೆಸಿಕೊಂಡು, ಕಾರಿನ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬೆರಳಿನ ಬೆನ್ನಿನಿಂದ ಸವರಿ, "ಇಲ್ಲಿ ಅಚ್ಚಿನ ಗೆರೆ ಇದೆ ಸಾರ್, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ" ಎಂದ. ಐಗ್ಲಾಸ್ ಹಾಕಿದ್ದರೂ ನನಗೆ ಕಾಣದ ಗೆರೆ! ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪ್ರೈಮರ್ ಹೊಡೆದು, ಆಮೇಲೆ ಬಣ್ಣ ಎಂದು ಕ್ರಮ ಹೇಳಿದ. ಹೊರಡುವಾಗ ಅವನು ಹೇಳಿದ ಮಾತು: "ಮೊದಲ ಕೈ ಹೊಡೆದ ಮೇಲೆ, ಬಣ್ಣ ಹತ್ತಿತೋ ಇಲ್ಲವೋ ಎಂದು ನಿಮಗೇ ಅನುಮಾನ ಬರಬೇಕು ಸಾರ್. ಅನುಮಾನ ಬರದಿದ್ದರೆ ಸೋರುತ್ತದೆ." ದುಡ್ಡು ತೆಗೆದುಕೊಳ್ಳಲಿಲ್ಲ.

ನಾನು ಹಿಡಿದ ಮುಹೂರ್ತ ಆಷಾಢ. ಆಷಾಢದ ಗಾಳಿ ಹೇಗೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿ ನಿಂತ ದಿನ ಜಿಟಿಜಿಟಿ ಮಳೆ, ಮಳೆಯ ತೇವದಲ್ಲಿ ಹೊಡೆದ ಬಣ್ಣ ಒಣಗುತ್ತಾ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಯಿತು. ಒಮ್ಮೆ ಪೂರ್ತಿ ಉಜ್ಜಿ ತೆಗೆದೆ. ಎರಡನೆಯ ಸಲ ಬಿಸಿಲು ಬಿದ್ದ ಮಧ್ಯಾಹ್ನ ಹಿತ್ತಲಿನ ಬಚ್ಚಲುಮನೆಯಲ್ಲಿ ನೆಲಕ್ಕೆಲ್ಲ ನೀರು ಚಿಮುಕಿಸಿ ಧೂಳು ಅಡಗಿಸಿ, ಖಾಲಿ ಬಾಟಲಿಯ ತುದಿಗೆ ಕಾರಿನ ಮೈ ಸಿಕ್ಕಿಸಿ, ತಿರುಗಿಸುತ್ತಾ ಹೊಡೆದೆ. ಮೊದಲ ಕೈಗೆ ಅನುಮಾನ ಬಂತು. ಎರಡನೆಯದಕ್ಕೆ ಆಸೆ ಬಂತು. ಮೂರನೆಯ ಕೈಗೆ ಬೆಳ್ಳಿ ಕೂಡಿಕೊಂಡಿತು. ಗಾಳಿ ತಾಗದಿರಲೆಂದು ಬಕೆಟ್ ಬೋರಲು ಹಾಕಿ, ಹೊರಗೆ ಬಂದು, ಬಾಗಿಲು ಮುಚ್ಚಿ, ಕಾವಲುಗಾರನಂತೆ ಕುಳಿತೆ. ಹೆಂಡತಿಗೂ ಒಳಗೆ ಪ್ರವೇಶವಿರಲಿಲ್ಲ.

ಎರಡು ಗಂಟೆಯ ನಂತರ ಬಕೆಟ್ ಎತ್ತಿದರೆ ಛಾವಣಿಯ ನಟ್ಟನಡುವೆ ಒಂದು ಸೊಳ್ಳೆ. ಬಕೆಟ್ಟಿನೊಳಗೇ ಕಾದು ಕೂತಿತ್ತೆಂದು ಕಾಣುತ್ತದೆ. ನಿಂತ ಭಂಗಿಯಲ್ಲೇ, ಆರೂ ಕಾಲೂರಿ ಸತ್ತಿತ್ತು.

1952ರಲ್ಲಿ ಈ ಕಾರಿನ ಅಣ್ಣನಂತಿದ್ದ ರೇಸಿನ 300 ಎಸ್‌ಎಲ್ ಮೆಕ್ಸಿಕೋದ ಕರೇರಾ ಪನಮೆರಿಕಾನಾ ಎಂಬ ಪಂದ್ಯದಲ್ಲಿ ಓಡುತ್ತಿದ್ದಾಗ ರಣಹದ್ದೊಂದು ಬಡಿದು ಮುಂದಿನ ಗಾಜು ಒಡೆದುಹೋಯಿತು. ಚಾಲಕ ಕಾರ್ಲ್ ಕ್ಲಿಂಗ್, ಪಕ್ಕದಲ್ಲಿದ್ದ ಜೊತೆಗಾರ ಹಾನ್ಸ್ ಕ್ಲೆಂಕ್ ಇಬ್ಬರೂ ಗಾಜಿನ ಮುಂದೆ ಉಕ್ಕಿನ ಸರಳು ಕಟ್ಟಿಸಿಕೊಂಡು ಓಡಿಸಿ ಗೆದ್ದರು. ನನ್ನ ಸೊಳ್ಳೆಯನ್ನು ಇಪ್ಪತ್ತನಾಲ್ಕರಿಂದ ಗುಣಿಸಿದೆ. ಗುಬ್ಬಚ್ಚಿಯಷ್ಟಾಯಿತು. ಹದ್ದಲ್ಲದಿದ್ದರೂ ಸಣ್ಣ ಅಪಘಾತವಲ್ಲ.

ಒದ್ದೆಯಲ್ಲಿ ಮುಟ್ಟಬಾರದು ಎಂದು ಗೊತ್ತು. ಗೊತ್ತಿದ್ದೂ ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿ ಚಿಮಟ ಹಿಡಿದೆ. ಮೈ ಸಲೀಸಾಗಿ ಬಂತು. ರೆಕ್ಕೆ ಬಂತು. ಕಾಲುಗಳು ಬಣ್ಣದಲ್ಲಿ ಊರಿಕೊಂಡಿದ್ದವು, ನಾಟಿ ಮಾಡಿದ ಪೈರಿನಂತೆ. ಒಂದೊಂದನ್ನೇ ಕೀಳುತ್ತಾ ಎಣಿಸಿದೆ. ಐದು ಬಂದವು. ಆರನೆಯದಕ್ಕೆ ಚಿಮಟ ತಾಗಿಸುವಾಗ ಹಿಂದಿನಿಂದ "ಕಾಫಿ ಆರುತ್ತಿದೆ" ಎಂಬ ಮಾತು ಬಂತು, ಕೈ ಅಲುಗಿ ಬಣ್ಣದ ಮೇಲೆ ಗೀರೆದ್ದಿತು. ವಾರ ಬಿಟ್ಟು ಎರಡು ಸಾವಿರ ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿ, ತೆಳುವಾಗಿ ಬಣ್ಣ ಹೊಡೆದು, ಮೇಲೆ ಕ್ಲಿಯರ್ ಕೋಟ್ ಹಾಕಿ ಸರಿಮಾಡಿದೆ. ಆರನೆಯ ಕಾಲು ಈಗಲೂ ಒಳಗೇ ಇದೆ. ಎಲ್ಲಿದೆ ಎಂದು ನನಗೆ ಮಾತ್ರ ಗೊತ್ತು, ನೋಡಲು ಬಂದವರನ್ನು ಅದರ ಎದುರು ಬದಿಯಲ್ಲಿ ನಿಲ್ಲಿಸುತ್ತೇನೆ.

ಶ್ರಾವಣವೆಲ್ಲ ಎಂಜಿನ್ನಿಗೆ ಹೋಯಿತು. ಹಳೆಯ ವೈರಿನಿಂದ ಎಳೆದ ತಾಮ್ರದ ಎಳೆಯಿಂದ ಇಂಧನದ ಪೈಪುಗಳನ್ನು ಮಾಡಿದೆ. ನಡುವೆ ಬಾಗಿಲಿನ ಹಿಡಿ ಚಿಮಟದಿಂದ ಚಿಮ್ಮಿ ಮಾಯವಾಯಿತು. ಕಾರ್ಖಾನೆಯಲ್ಲಿ ಸ್ಕ್ರೂ ಬಿದ್ದರೆ ನಾವು ಮಾಡುತ್ತಿದ್ದಂತೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಹಚ್ಚಿದೆ. ಆಗ ಎಷ್ಟು ಸಣ್ಣ ಚೂರಾದರೂ ಮಾರುದ್ದ ನೆರಳು ಚೆಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿದ್ದು ಎರಡು ಅಕ್ಕಿಕಾಳು, ಒಂದು ಸಾಸಿವೆ, ಮಗಳ ಮದುವೆಯ ಕಾಲದ್ದಿರಬೇಕಾದ ಒಂದು ಮಣಿ. ಹಿಡಿ ಮೂರನೆಯ ದಿನ ಹೆಂಡತಿಯ ಅಂಗಾಲಿಗೆ ಚುಚ್ಚಿಕೊಂಡು ತಾನಾಗಿ ಪತ್ತೆಯಾಯಿತು.

ಎಲ್ಲ ಮುಗಿದ ಮೇಲೆ ಪಕ್ಕದ ಮನೆಯ ಹುಡುಗ ಬಂದ. ಬಾಗಿಲುಗಳನ್ನು ಎತ್ತಿ ತೋರಿಸಿದೆ, ಬಾನೆಟ್ ತೆಗೆದು ಒರಗಿದ ಎಂಜಿನ್ನನ್ನೂ ತಾಮ್ರದ ಎಳೆಗಳನ್ನೂ ತೋರಿಸಿದೆ. ಬಹಳ ಶ್ರದ್ಧೆಯಿಂದ ನೋಡಿ, "ಅಂಕಲ್, ರಿಮೋಟ್ ಎಲ್ಲಿ?" ಎಂದು ಕೇಳಿದ.

ಆಯುಧಪೂಜೆಯ ಬೆಳಿಗ್ಗೆ ನಾನು ಸ್ಕೂಟರ್ ತೊಳೆದು ಒಳಗೆ ಬಂದರೆ ಷೋಕೇಸು ಖಾಲಿ. ಎದೆ ಧಸಕ್ಕೆಂದಿತು. ಕಾರು ಹೊಸ್ತಿಲ ಬಳಿ ಮಣೆಯ ಮೇಲೆ ನಿಂತಿತ್ತು. ನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದ ಬೆಳ್ಳಿಯ ಮೇಲೆ ಅರಿಸಿನ ಕುಂಕುಮ ಮೆತ್ತಿದ್ದಾಳೆಂದು ಕೂಗಲು ಬಾಯಿ ತೆರೆದವನು ಬಗ್ಗಿ ನೋಡಿದೆ. ಬಾನೆಟ್ಟಿನ ಮೇಲೆ ಕುಂಕುಮದ ಒಂದು ಚುಕ್ಕೆ, ಬೆಂಕಿಕಡ್ಡಿಯ ಚೂಪು ಮಾಡಿದ ತುದಿಯಿಂದ ಇಟ್ಟದ್ದು. ಸೇವಂತಿಗೆಯ ಒಂದೇ ಒಂದು ಎಸಳು. ನಾಲ್ಕೂ ಚಕ್ರಗಳ ಕೆಳಗೆ ಏನೋ ಹಳದಿ ಚುಕ್ಕೆಗಳು ಕಂಡವು. ಐಗ್ಲಾಸ್ ತಂದು ನೋಡಿದೆ. ನವಣೆ ಕಾಳು.

"ನಿಂಬೆಹಣ್ಣು," ಎಂದಳು ಹೆಂಡತಿ. "ಭಾಗಿಸಿ ನೋಡಿದೆ. ಸಾಸಿವೆ ಗಾತ್ರಕ್ಕೆ ಸರಿಹೋಗುತ್ತಿತ್ತು, ಬಣ್ಣ ಹೊಂದುವುದಿಲ್ಲ."

ನನಗೆ ಮಾತು ಹೊರಡಲಿಲ್ಲ. ಸ್ಕೂಟರಿಗೆ ನಿಜವಾದ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿ, ಬೂದುಗುಂಬಳಕಾಯಿ ನಿವಾಳಿಸಿ ಬೀದಿಗೆ ಒಡೆದೆ. ಒಳಗೆ ಬಂದಾಗ ಅವಳು ಕಾರಿಗೆ ಎರಡು ಬೆರಳಿನಲ್ಲಿ ಏನನ್ನೋ ಮೂರು ಸುತ್ತು ನಿವಾಳಿಸುತ್ತಿದ್ದಳು. ಕಾಬೂಲಿ ಕಡಲೆ. ನಿವಾಳಿಸಿದ್ದನ್ನು ನನ್ನ ಕೈಗೆ ಕೊಟ್ಟು, "ಒಡೆಯಿರಿ" ಎಂದಳು.

ಹೊಸ್ತಿಲಾಚೆಯ ಕಲ್ಲಿಗೆ ಗುರಿಯಿಟ್ಟು ಬಲವಾಗಿಯೇ ಹೊಡೆದೆ. ಒಡೆಯಲಿಲ್ಲ. ಹೊಸ್ತಿಲಿಗೇ ಬಡಿದು ಪುಟಿದು ಒಳಗೆ ಬಂದು, ಎಲ್ಲೋ ಒಂದು ಕಡೆ ಟಕ್ಕೆಂದು ಸದ್ದು ಮಾಡಿ ಸುಮ್ಮನಾಯಿತು.

ನಾನು ಟಾರ್ಚ್ ತರಲು ಹೋದೆ. ಅವಳು ದೀಪ ಆರಿಸಿದಳು.