ಕ್ಯಾಲ್ಕುಲಸ್‌ಗೆ ಇಷ್ಟು ಅವಸರ ಯಾಕೆ?

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಗು ಆರನೇ ಕ್ಲಾಸಿಗೆ ಬಂತು ಅಂದರೆ ಒಂದೇ ಚರ್ಚೆ. ಮ್ಯಾಥ್ಸ್‌ನಲ್ಲಿ ಒಂದು ವರ್ಷ ಮುಂದೆ ಹಾಕಿಸೋಣವಾ, ಎರಡು ವರ್ಷವಾ? ನನ್ನ ಪ್ರಕಾರ ಹೆಚ್ಚಿನ ಮಕ್ಕಳಿಗೆ ಒಂದು ವರ್ಷ ಧಾರಾಳವಾಗಿ ಸಾಕು.

ಒಂದು ವರ್ಷ ಮುಂದೆ ಹಾಕಿಸಿದರೆ ದಾರಿ ಹೀಗಿರುತ್ತದೆ: ಎಂಟರಲ್ಲಿ ಆಲ್ಜಿಬ್ರಾ 1, ಒಂಬತ್ತರಲ್ಲಿ ಜಿಯಾಮೆಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರೀಕ್ಯಾಲ್ಕುಲಸ್, ಹನ್ನೆರಡರಲ್ಲಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ, ಕ್ಯಾಲ್ಕುಲಸ್. ಅದರಲ್ಲಿ ಎ.ಬಿ., ಬಿ.ಸಿ. ಅಂತ ಎರಡು ಕೋರ್ಸ್ ಇವೆ. ಎ.ಬಿ. ಮುಗಿಸಿಯೇ ಬಿ.ಸಿ. ತಗೋಬೇಕು ಅಂತ ಏನಿಲ್ಲ. ಎ.ಬಿ.ಯ ಪಾಠವೆಲ್ಲ ಬಿ.ಸಿ. ಒಳಗೇ ಇದೆ, ಜೊತೆಗೆ ಸೀರೀಸ್, ಪೋಲಾರ್ ಇತ್ಯಾದಿ ಬರುತ್ತವೆ. ಅಡಿಪಾಯ ಗಟ್ಟಿ ಇದ್ದ ಮಗು ನೇರವಾಗಿ ಬಿ.ಸಿ. ಮಾಡಬಹುದು.

ನನಗೆ ನಿಜವಾಗಿ ಬೇಜಾರಾಗುವುದು ಆಲ್ಜಿಬ್ರಾ 2ನ್ನು ಪ್ರೀಕ್ಯಾಲ್ಕುಲಸ್ ಜೊತೆ ಸೇರಿಸಿ ಒಂದೇ ವರ್ಷದಲ್ಲಿ ಮುಗಿಸುವುದನ್ನು ನೋಡಿದಾಗ. ಕ್ಯಾಲ್ಕುಲಸ್ ಕ್ಲಾಸಲ್ಲಿ ಮಕ್ಕಳು ಎಡವುವುದು ಬಹಳ ಸಲ ಕ್ಯಾಲ್ಕುಲಸ್‌ನಲ್ಲಿ ಅಲ್ಲವೇ ಅಲ್ಲ. ಒಂದರೊಳಗೊಂದು ಕೂತ ಫಂಕ್ಷನ್‌ಗಳಿಗೆ ಬಳಸುವ ಚೈನ್ ರೂಲ್ ಬಾಯಿಪಾಠ ಇರುತ್ತದೆ, ಆದರೆ ಒಳಗಿನ ಫಂಕ್ಷನ್ ಯಾವುದು, ಹೊರಗಿನದು ಯಾವುದು ಅಂತ ಕಾಣುವುದಿಲ್ಲ. ದೊಡ್ಡ ಭಿನ್ನರಾಶಿಯನ್ನು ಸಣ್ಣವಾಗಿ ಒಡೆಯುವ ಪಾರ್ಷಿಯಲ್ ಫ್ರಾಕ್ಷನ್ ಬಂದಾಗ ಭಿನ್ನರಾಶಿ ಕೂಡಿಸುವುದರಲ್ಲೇ ಸೋಲುತ್ತಾರೆ. ಲಾಗರಿದಮ್ ಅಂದರೆ ಗಾಬರಿ. ಇವೆಲ್ಲ ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್‌ನಲ್ಲಿ ನಿಧಾನವಾಗಿ ಕೈಗೆ ಹತ್ತಬೇಕಾದವು. ಜಿಯಾಮೆಟ್ರಿಯನ್ನು ಬೇಸಿಗೆ ರಜೆಯ ಕೆಲವೇ ವಾರಗಳಲ್ಲಿ ಮುಗಿಸಿದರೂ ಇದೇ ಕಥೆ. ಒಂದು ಮಾತು ಯಾಕೆ ನಿಜ ಅಂತ ಹೆಜ್ಜೆ ಹೆಜ್ಜೆಯಾಗಿ ಸಾಧಿಸುವುದನ್ನು ಹೈಸ್ಕೂಲಿನ ಮಗು ಕಲಿಯುವುದೇ ಅಲ್ಲಿ.

ಹಾಗಂತ ಎಲ್ಲರನ್ನೂ ತಡೆದು ನಿಲ್ಲಿಸಿ ಅಂತಲೂ ನಾನು ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜಿಬ್ರಾ ತೆಗೆದುಹಾಕಿದವು. ಅದನ್ನು ವಾಪಸ್ ತರುವ ತೀರ್ಮಾನ ಆಗಲು 2024 ಬರಬೇಕಾಯಿತು. ಅಷ್ಟು ವರ್ಷ ಆಸೆ ಇದ್ದ ಮಕ್ಕಳು ಕಾಯುವಂತಾದದ್ದು ಅನ್ಯಾಯ.

ಯಾರೂ ಹೇಳದೆ ತಾನೇ ಲೆಕ್ಕ ಹಿಡಿದು ಕೂರುವ ಮಗು ಇದ್ದರೆ ಏಳರಲ್ಲೇ ಆಲ್ಜಿಬ್ರಾ 1 ಶುರು ಮಾಡಲಿ. ಆದರೆ ಆಗ ಕ್ಯಾಲ್ಕುಲಸ್ ಹನ್ನೊಂದಕ್ಕೇ ಮುಗಿಯುತ್ತದೆ. ಹನ್ನೆರಡರಲ್ಲಿ ಏನು? ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ ಎಲ್ಲ ಶಾಲೆಯಲ್ಲೂ ಇರುವುದಿಲ್ಲ. ಅವನ್ನು ಕಲಿಯಲು ಕಮ್ಯುನಿಟಿ ಕಾಲೇಜಿಗೆ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗಬೇಕಾದರೆ ಟೈಮ್‌ಟೇಬಲ್ ಹೊಂದಬೇಕು, ಕರೆದುಕೊಂಡು ಹೋಗುವವರು ಬೇಕು. ಎಪಿ ಸ್ಟ್ಯಾಟಿಸ್ಟಿಕ್ಸ್ ಒಳ್ಳೆಯ ವಿಷಯವೇ, ಆದರೆ ಎಂಜಿನಿಯರಿಂಗ್‌ಗೆ ಹೋಗುವ ಮಗುವಿನ ಕ್ಯಾಲ್ಕುಲಸ್ ಅದರಿಂದ ಚುರುಕಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದೇ ಇಲ್ಲ. ಎಎಂಸಿ 10, ಎಎಂಸಿ 12 ಅನ್ನುವ ಹೈಸ್ಕೂಲು ಗಣಿತ ಸ್ಪರ್ಧೆಗಳು, ಅವುಗಳ ಮುಂದಿನ ಹಂತವಾದ ಎಐಎಂಇ, ಯಾವುದಕ್ಕೂ ಕ್ಯಾಲ್ಕುಲಸ್ ಬೇಡ. ಎಐಎಂಇಯಲ್ಲಿ ಇರುವುದು 15 ಪ್ರಶ್ನೆ, 3 ಗಂಟೆ. ಉತ್ತರ 0ಯಿಂದ 999ರ ಒಳಗಿನ ಪೂರ್ಣಾಂಕ. ಓದಿದ್ದು ಅದೇ ಆಲ್ಜಿಬ್ರಾ, ಜಿಯಾಮೆಟ್ರಿ, ಎಣಿಕೆ. ಆದರೂ ಬಹಳ ಜಾಣ ಮಕ್ಕಳೂ ಅಲ್ಲಿ ಒದ್ದಾಡುತ್ತಾರೆ. ಅಂದಮೇಲೆ ಚುರುಕಾದ ಮಗುವಿಗೆ ಮಾಡಲು ಇದೇ ತರಗತಿಯಲ್ಲಿ ಎಷ್ಟು ಇದೆ ನೋಡಿ!

ಮಗುವನ್ನು ಎರಡು ವರ್ಷ ಮುಂದೆ ಹಾಕಿಸುವ ಫಾರ್ಮ್‌ಗೆ ಸಹಿ ಹಾಕುವ ಮುಂಚೆ ಹೈಸ್ಕೂಲಿನ ಕೌನ್ಸೆಲರ್ ಹತ್ತಿರ ಕೇಳಿ: ಹನ್ನೊಂದಕ್ಕೇ ಬಿ.ಸಿ. ಮುಗಿಸಿದ ಮಕ್ಕಳು ಹೋದ ವರ್ಷ ಹನ್ನೆರಡರಲ್ಲಿ ಏನು ತಗೊಂಡರು? ಸರಿಯಾದ ಉತ್ತರ ಸಿಗದಿದ್ದರೆ ಆ ಎರಡನೇ ವರ್ಷದ ಜಿಗಿತ ಬಿಟ್ಟುಬಿಡಿ.