ಹಾಕಿ ನಾಯಕನಿಗಿಂತ ಹ್ಯಾನಾ ಇಷ್ಟವಾದಳು

ಎಲ್ ಕೆನಡಿಯ 'ದ ಡೀಲ್' (2015) ಬರೀ ಟೈಂಪಾಸ್ ಕಾದಂಬರಿ ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಲ್ಲಿ ತಳ್ಳಿಹಾಕಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಕಾಲೇಜಿನ ಐಸ್ ಹಾಕಿ ತಂಡದ ನಾಯಕ ಗ್ಯಾರೆಟ್ ನೀತಿಶಾಸ್ತ್ರದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಸಹಪಾಠಿ ಹ್ಯಾನಾಳ ಬೆನ್ನು ಬೀಳುವುದು, ಪಾಠ ಹೇಳಿಕೊಟ್ಟರೆ ನೀನು ಮೆಚ್ಚಿದ ಹುಡುಗನ ಗಮನ ಸೆಳೆಯೋಕೆ ಸಹಾಯ ಮಾಡ್ತೀನಿ ಅನ್ನುವುದು ಸವಕಲು ಸೂತ್ರವೇ, ಒಪ್ಪಿದೆ. ಆದರೆ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಅಂಕ ಕುಸಿದರೆ ಆಡುವ ಅರ್ಹತೆಯೇ ಹೋಗುತ್ತೆ. ಹಾಗಾಗಿ ಅವನ ಗಡಿಬಿಡಿ ಸುಳ್ಳೆನಿಸಲ್ಲ.

ನನ್ನನ್ನು ಹಿಡಿದಿಟ್ಟಿದ್ದು ಹ್ಯಾನಾ. ಹದಿಹರೆಯದಲ್ಲಿ ಅತ್ಯಾಚಾರಕ್ಕೊಳಗಾದ ಹುಡುಗಿಯನ್ನು ಲೇಖಕಿ ಅಳುಮುಂಜಿ ಮಾಡಿಲ್ಲ. ಅವಳು ಹಾಡ್ತಾಳೆ, ಕಾಲೆಳೀತಾಳೆ, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳ್ತಾಳೆ. ಗ್ಯಾರೆಟ್‌ನ ಅಪ್ಪ ಒಂದು ಕಾಲದ ಹೆಸರಾಂತ ಹಾಕಿ ಆಟಗಾರ, ಮನೆಯಲ್ಲಿ ಹೆಂಡತಿ ಮಗನ ಮೇಲೆ ಕೈ ಮಾಡಿದವನು. ಆ ಭಾಗ ಇನ್ನಷ್ಟು ಬೇಕಿತ್ತು. ಕೊನೆಗೆ ಆ ಅಪ್ಪನ ಬೆದರಿಕೆಯಿಂದ ಜೋಡಿ ಬೇರೆಯಾಗುವುದಂತೂ (ಓದದವರು ಕ್ಷಮಿಸಿ) ತೀರಾ ಸಿನಿಮೀಯ. ಪಂದ್ಯದ ವಿವರವೂ ಕಮ್ಮಿ. ಹಾಕಿಗಾಗಿ ಓದುವವರಿಗೆ ನಿರಾಸೆ ಖಂಡಿತ.

ಇದರ ಮುಂದಿನ ಪುಸ್ತಕ 'ದ ಮಿಸ್ಟೇಕ್', ಗ್ಯಾರೆಟ್‌ನ ತಂಡದ ಗೆಳೆಯ ಲೋಗನ್ ಕಥೆ, ಯಾರಾದ್ರೂ ಓದಿದ್ದೀರಾ? ಇದಕ್ಕಿಂತ ಚೆನ್ನಾಗಿದೆಯಾ?