ಸರಿಯದ ಮೋಡ

ಮೋಡದ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಂಬಿಕೆಯನ್ನು ನಾನು ಸೋಮವಾರಪೇಟೆಯಿಂದ ಮೆಲ್ಬರ್ನಿಗೆ ಹೋಗುವಾಗ ಜೊತೆಗೇ ಒಯ್ದಿದ್ದೆ. ಮಳೆಗಾಲದ ನಾಲ್ಕು ತಿಂಗಳು ಆಕಾಶವೆಂಬುದೊಂದು ಇದೆಯೆಂಬುದನ್ನೇ ಮರೆತು ಬದುಕುವ ಊರಿನವನಿಗೆ ನಕ್ಷತ್ರಗಳ ಪರಿಚಯ ಅಷ್ಟಕ್ಕಷ್ಟೇ. ಆದರೂ ಕುಶಾಲನಗರದ ಮಿತ್ರ ದಂಪತಿಗಳು ಅಲ್ಲಿಗೆ ಬಂದಾಗ ಅವರಿಗೆ ದಕ್ಷಿಣದ ಆಕಾಶವನ್ನು ತೋರಿಸುವ ಹೊಣೆಯನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ.

ಜನವರಿಯ ಒಂದು ರಾತ್ರಿ ಚಿತ್ರಾನ್ನದ ಡಬ್ಬಿ, ಕಾಫಿಯ ಫ್ಲಾಸ್ಕುಗಳೊಂದಿಗೆ ನಗರದ ಬೆಳಕು ತಾಗದ ಬಯಲಿಗೆ ಹೋದೆವು. ಅಲ್ಲಿ ಅದು ಬೇಸಿಗೆಯಾದ್ದರಿಂದ ಕತ್ತಲೆ ಪೂರ್ತಿ ಕವಿಯುವಷ್ಟರಲ್ಲಿ 11 ಗಂಟೆ ಸಮೀಪಿಸಿತ್ತು, ಚಿತ್ರಾನ್ನವೂ ಮುಗಿದಿತ್ತು. ಧ್ರುವ ಅಲ್ಲಿ ಕಾಣುವುದೇ ಇಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ, ಏಕೆಂದರೆ ಊರಿನಲ್ಲಿಯೂ ಅವನು ದಿಗಂತದಿಂದ 12 ಡಿಗ್ರಿಯ ಆಸುಪಾಸಿನಲ್ಲಿ ನಮ್ಮ ತೋಟದ ಸಿಲ್ವರ್ ಓಕ್ ಮರಗಳ ಹಿಂದೆಯೇ ಅಡಗಿರುತ್ತಿದ್ದ. ಮುಖಭಂಗವಾದದ್ದು ಮಹಾವ್ಯಾಧನೆಂಬ ನಕ್ಷತ್ರಪುಂಜದಿಂದ. ಆ ಬೇಟೆಗಾರ ಉತ್ತರದಲ್ಲಿ ತಲೆಕೆಳಗಾಗಿ ನಿಂತಿದ್ದ, ಸೊಂಟದಿಂದ ಇಳಿಬೀಳಬೇಕಾದ ಕತ್ತಿ ಮೇಲಕ್ಕೆ ನೆಟ್ಟಿತ್ತು. ನಾನು ತಡವರಿಸುತ್ತಿರುವಾಗ ಮಿತ್ರನ ಪತ್ನಿ ದಕ್ಷಿಣಕ್ಕೆ ಮುಖಮಾಡಿ, ಬೆನ್ನು ಬಾಗಿಸಿ, "ಹೀಗೆ ನೋಡಿ ಅಣ್ಣ, ಸರಿಯಾಗಿ ಕಾಣುತ್ತಾನೆ" ಎಂದರು. ಬಾಗಿದೆ, ಕತ್ತು ಉಳುಕಿತು.

ಆ ಭಂಗಿಯಲ್ಲಿಯೇ ಕಂಡವನು ಅಗಸ್ತ್ಯ. ತಲಕಾವೇರಿಯಲ್ಲಿ ಕಮಂಡಲ ಉರುಳಿಸಿಕೊಂಡ ಆ ಋಷಿ ನಮ್ಮೂರಿನ ಆಕಾಶದಲ್ಲಿ ದಕ್ಷಿಣದ ಗುಡ್ಡಗಳನ್ನು ಬಿಟ್ಟು ಹೆಚ್ಚು ಮೇಲೇರುವುದಿಲ್ಲ, ಅಲ್ಲಿ ನೆತ್ತಿಯ ಸಮೀಪವೇ ಬಂದಿದ್ದ. ಅವನಿಗಿಂತ ಕೆಳಗೆ ಬಿಳಿಯ ಮೋಡದ ಎರಡು ತುಣುಕುಗಳಿದ್ದವು. ತೆಳು ಮೋಡ, ಹತ್ತು ನಿಮಿಷದಲ್ಲಿ ಸರಿಯುತ್ತದೆ ಎಂದು ಘೋಷಿಸಿದೆ. ಸರಿಯಲಿಲ್ಲ. ಗಾಳಿ ನಿಂತಿದೆ ಎಂದೆ. ಅಷ್ಟರಲ್ಲಿ ಚಿತ್ರಾನ್ನದ ಕಾಗದದ ತಟ್ಟೆಗಳು ಹಾರಿಹೋದವು. ಹಾಗಾದರೆ ಇದು ಮಂಜು, ಮಡಿಕೇರಿಯಲ್ಲಿ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ ಎಂದೆ. ಮುಕ್ಕಾಲು ಗಂಟೆ ಕಾದ ಮೇಲೆ ಆಕೆ ಮೊಬೈಲನ್ನು ಆಕಾಶಕ್ಕೆ ಹಿಡಿದು ವಿನಯದಿಂದಲೇ ಓದಿದರು: ಅವು ಮ್ಯಾಗೆಲನ್ ಮೋಡಗಳು, ಎರಡೂ ಗೆಲಾಕ್ಸಿಗಳು, ದೊಡ್ಡದು ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿದೆ, ಚಿಕ್ಕದು ಇನ್ನೂ ಆಚೆ. ಹೆಸರಿನಲ್ಲಿ ಮೋಡವೆಂದೇ ಇದೆಯಲ್ಲ ಎಂಬ ನನ್ನ ವಾದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ರಜೆಗೆಂದು ಊರಿಗೆ ಬರುವಷ್ಟರಲ್ಲಿ ಸುದ್ದಿ ಕುಶಾಲನಗರದಿಂದ ನಮ್ಮ ಮನೆಗೆ ತಲುಪಿಯಾಗಿತ್ತು. ಆಸ್ಟ್ರೇಲಿಯಾದ ಬಾವುಟದಲ್ಲಿಯೇ ಇರುವ ತ್ರಿಶಂಕು ನಕ್ಷತ್ರಪುಂಜವನ್ನು ಕಣ್ಣಾರೆ ಕಂಡುಬಂದೆ ಎಂದು ವಿಷಯ ಬದಲಿಸಲು ನೋಡಿದೆ. ಅಪ್ಪ ಏನೂ ಹೇಳದೆ, ರಾತ್ರಿ 10 ದಾಟಿದ ಮೇಲೆ ನನ್ನನ್ನು ಕಣಕ್ಕೆ ಕರೆದೊಯ್ದು, ದಕ್ಷಿಣದ ಗುಡ್ಡದ ಮೇಲೆ ನೆಟ್ಟಗೆ ನಿಂತಿದ್ದ ಅದೇ ತ್ರಿಶಂಕುವನ್ನು ಬೆರಳಿಟ್ಟು ತೋರಿಸಿದರು. ನಾವು ನೋಡುತ್ತಿರುವಾಗಲೇ ಪಶ್ಚಿಮದಿಂದ ಮೋಡವೊಂದು ಏರಿಬಂದಿತು.

"ಇದು ಎಷ್ಟು ಜ್ಯೋತಿರ್ವರ್ಷದ್ದು ಎಂದು ಬೇಗ ಹೇಳು," ಎಂದರು ಅಪ್ಪ, "ಹತ್ತಿರದ್ದಾದರೆ ಮೆಣಸಿನ ಮೇಲೆ ಟಾರ್ಪಾಲು ಎಳೆಯಬೇಕು."